ನಿಲುವಿನ ವಾಕ್ಯ

ಅಕ್ಟೋಬರ್ 4, ರೆಥಿಮ್ನೊ

ಇವತ್ತು ದೂಕಾ ಮೇಡಂ ಒಬ್ಬೊಬ್ಬರನ್ನೇ ವಿಷಯ ಕೇಳಿದರು. ದೇಶವನ್ನು ಕಾಡುವ ಒಂದು ಪ್ರಶ್ನೆಯನ್ನು ಆರಿಸಿಕೊಂಡು, ಅದರ ಬಗ್ಗೆ ನಿಲುವು ತಳೆದು, ಮೇ ತಿಂಗಳೊಳಗೆ ಮೂವತ್ತು ಪುಟದ ಪ್ರಬಂಧ ಬರೆಯಬೇಕು. ಆ ಕಡೆಯೂ ಸರಿ ಈ ಕಡೆಯೂ ಸರಿ ಎಂದು ಬರೆದವರಿಗೆ ಸೊನ್ನೆ ಕೊಡುತ್ತಾರಂತೆ. ಪ್ರತಿ ಕರಡಿನ ಮೇಲ್ತುದಿಯಲ್ಲಿ ಕೆಂಪು ಶಾಯಿಯಲ್ಲಿ ಒಂದೇ ಒಂದು ವಾಕ್ಯ ಇರಬೇಕು. ಅದಕ್ಕೆ ಅವರು ಇಟ್ಟ ಹೆಸರು ನಿಲುವಿನ ವಾಕ್ಯ.

ತರಗತಿಯಲ್ಲಿ ಹನ್ನೊಂದು ಜನ. ಒಬ್ಬ ಕಡ್ಡಾಯ ಸೈನ್ಯಸೇವೆ ಅಂದ, ಇನ್ನೊಬ್ಬಳು ದ್ವೀಪಗಳಿಗೆ ಬರುವ ನಿರಾಶ್ರಿತರು ಅಂದಳು. ನನ್ನ ಸರದಿ ಬಂದಾಗ ಹೇಳಿದೆ. ಕೇಳಿಸಲಿಲ್ಲ ಅಂದರು. ಮತ್ತೆ ಹೇಳಿದೆ. ಕೊನೆಗೆ ಪಕ್ಕದಲ್ಲಿ ಕೂತಿದ್ದವನು ನನ್ನ ಪರವಾಗಿ ಕೂಗಿದ: "ಮದುವೆ ಮನೇಲಿ ಗುಂಡು ಹಾರಿಸೋದಂತೆ ಮೇಡಂ, ಬೆಟ್ಟದ ಹುಡುಗಿ ಅಲ್ವಾ." ಎಲ್ಲರೂ ನಕ್ಕರು. ಮೇಡಂ ನಗಲಿಲ್ಲ. ಯಾವ ಊರು ಎಂದು ಕೇಳಿದರು. ಅನೊ ಸ್ಕಿನಿ ಅಂದೆ. ಗೊತ್ತಿರುವುದನ್ನೇ ಬರೆಯಿರಿ ಅಂದರು.

ಸಾಹಿತ್ಯ ಓದಿದ ನಾಲ್ಕು ವರ್ಷದಲ್ಲಿ ಒಂದು ಪ್ಯಾರಾ ಬರೆಯಲು ಒಂದು ದಿನ ತೆಗೆದುಕೊಳ್ಳುತ್ತಿದ್ದವಳು ನಾನು. ಈ ವಾಕ್ಯಕ್ಕೆ ಹತ್ತು ನಿಮಿಷವೂ ಬೇಕಾಗಲಿಲ್ಲ:

ಸಂಭ್ರಮದಲ್ಲಿ ಗುಂಡು ಹಾರಿಸುವವನಿಗೂ, ಅದನ್ನು ಕಣ್ಣಾರೆ ಕಂಡು ಬಾಯಿ ಮುಚ್ಚಿಕೊಳ್ಳುವವರಿಗೂ ಒಂದೇ ಶಿಕ್ಷೆಯಾಗಬೇಕು.

ಓದಿದಾಗ ಎದೆ ಹಗುರಾಯಿತು. ಚಿಕ್ಕಂದಿನಿಂದ ಊರಿನ ಒಂದೊಂದು ಮದುವೆಯಲ್ಲೂ ಗುಂಡು ಶುರುವಾದ ಕೂಡಲೇ ನಾನು ನಮ್ಮ ಉಗ್ರಾಣಕ್ಕೆ ಓಡುತ್ತೇನೆ. ಆಲಿವ್ ಎಣ್ಣೆಯ ಜಾಡಿಗಳ ನಡುವೆ ಕೂತು, ಕಿವಿಗೆ ಬೆರಳು ತುರುಕಿ ಎಣಿಸುತ್ತೇನೆ. ಬೆರಳಿಟ್ಟರೂ ಗುಂಡಿನ ಸದ್ದು ಎದೆಗೆ ಬಡಿಯುತ್ತದೆ, ಆದ್ದರಿಂದ ಎಣಿಕೆ ತಪ್ಪುವುದಿಲ್ಲ. ಚಿಕ್ಕಪ್ಪನ ಮದುವೆಯಲ್ಲಿ ಇನ್ನೂರ ಹನ್ನೆರಡು. ಉಗ್ರಾಣಕ್ಕೆ ಚೌಕದ ಕಡೆಗೆ ಒಂದು ಅಂಗೈ ಅಗಲದ ಕಿಟಕಿ ಇದೆ. ಕಿವಿ ಮುಚ್ಚಿಕೊಂಡಿರುವಾಗ ಕಣ್ಣು ಏನನ್ನೂ ಬಿಡುವುದಿಲ್ಲ.

ಅಕ್ಟೋಬರ್ 15, ಊರು

ನಾಳೆ ದೊಡ್ಡಪ್ಪನ ಮಗಳ ಮದುವೆ. ಅಡುಗೆಮನೆಯಲ್ಲಿ ಏಳು ಹೆಂಗಸರು, ಅವರ ನಡುವೆ ಮರಿಗೊ ಅಜ್ಜಿ ಕುರಿಯ ಕತ್ತು ಹಿಡಿದುಕೊಂಡು ಎಲ್ಲರಿಗೂ ಕೆಲಸ ಹೇಳುತ್ತಿದ್ದಳು. ಅಂಗಳದ ಚರಂಡಿಯಲ್ಲಿ ಮಧ್ಯಾಹ್ನದವರೆಗೆ ರಕ್ತ ಹರಿಯಿತು. ಒಟ್ಟು ಇಪ್ಪತ್ತಾರು ಕುರಿ. ನನಗೆ ಈರುಳ್ಳಿ ಕೊಟ್ಟು ಕೂರಿಸಿದರು, ಅಳುವವಳಿಗೆ ಅದೇ ಸರಿ ಎಂದು.

ಮೇಜಿನ ಮೇಲೆ ಬ್ರೆಡ್ಡಿನ ಪಕ್ಕದಲ್ಲಿ ಅಣ್ಣ ಮನೂಸೊಸ್ ಪಿಸ್ತೂಲು ಬಿಚ್ಚಿ ಒರೆಸುತ್ತಿದ್ದ. ಪ್ರಬಂಧದ ವಿಷಯ ಹೇಳಿದೆ.

"ಪ್ರೊಫೆಸರಮ್ಮ ನನ್ನನ್ನ ಜೈಲಿಗೆ ಕಳಿಸ್ತಾಳೆ ಅಂತಾಯ್ತು. ಎಷ್ಟು ವರ್ಷ?"

"ಮೂರು."

"ಮೂರೇನಾ? ಅಷ್ಟರಲ್ಲಿ ಒಳ್ಳೆ ಚೀಸ್ ಕೂಡ ಹದಕ್ಕೆ ಬರಲ್ಲ ಕಣೆ."

ಹೆಂಗಸರು ಹೊಟ್ಟೆ ಹಿಡಿದು ನಕ್ಕರು. ನಾನೂ ನಕ್ಕೆ. ಅಪ್ಪ ಹೋದ ಮೇಲೆ ನನ್ನ ಓದಿನ ಖರ್ಚು ನೋಡಿಕೊಂಡವನು ಅವನೇ. ಸಾಯಂಕಾಲ ಎದುರು ಮನೆಯ ರೊದಾಂಥಿ ಬಂದು ನನ್ನ ಬೆಳ್ಳಿಯ ಕಿವಿಯೋಲೆ ಬೇಡಿ ಪಡೆದಳು. ಹತ್ತೊಂಬತ್ತು ವರ್ಷ, ಒಂದು ಕಡೆ ನಿಲ್ಲುವವಳಲ್ಲ. ದಿಬ್ಬಣ ಬಂದಾಗ ಅವರ ಬಾಲ್ಕನಿಯಿಂದ ಅಕ್ಕಿ ಮತ್ತು ಗುಲಾಬಿ ಎಸಳು ಎರಚುವುದು ಅವಳ ಪಾಲಿಗೆ ಬಂದಿದೆ.

"ಈ ಸಲನೂ ಎಣ್ಣೆ ಜಾಡಿ ಜೊತೇನೇ ಮದುವೆ ನೋಡ್ತೀಯಾ ಎರ್ಗಿನಿ? ಅದರಲ್ಲೇ ಒಂದನ್ನ ನೋಡಿ ಕಟ್ಕೋಬಿಡು. ತುಂಬಿದ ಮನೆ, ಮಾತೂ ಆಡಲ್ಲ."

ಅಕ್ಟೋಬರ್ 17, ಊರು

ನಲವತ್ತೇಳು.

ಎಣಿಕೆ ಅಲ್ಲಿಗೆ ನಿಂತಿತು. ಬೆಳಗಿನಿಂದ ಈ ಸಂಖ್ಯೆ ತಲೆಯಲ್ಲಿ ಸುತ್ತುತ್ತಿದೆ.

ನಿನ್ನೆ ಮಧ್ಯಾಹ್ನ ಮೂರೂವರೆಗೆ ದಿಬ್ಬಣ ಚೌಕಕ್ಕೆ ಬಂತು. ನಾನು ಉಗ್ರಾಣದಲ್ಲಿದ್ದೆ. ನಲವತ್ತನೇ ಗುಂಡಿನ ಹೊತ್ತಿಗೆ ಹಾರಿಸುತ್ತಿದ್ದವರು ಇಬ್ಬರೇ ಉಳಿದಿದ್ದರು. ಬಾವಿಯ ಹತ್ತಿರ ಚೀಸ್ ಮಾಡುವ ವಾರ್ದಿಸ್, ನಮ್ಮ ಮನೆ ಮೆಟ್ಟಿಲ ಹತ್ತಿರ ಅಣ್ಣ. ವಾರ್ದಿಸ್‌ನ ಉದ್ದ ಬಂದೂಕು ನೇರ ಆಕಾಶ ನೋಡುತ್ತಿತ್ತು. ಅವನು ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು ಹಾರಿಸುತ್ತಾನೆ, ಅದೂ ಕಂಡಿತು. ಯಾರೋ ಹಿಂದಿನಿಂದ ಅಣ್ಣನ ಹೆಗಲು ತಟ್ಟಿದರು. ಅವನು ನಗುತ್ತಾ ತಿರುಗಿದ. ತಿರುಗುವಾಗ ತೋಳು ಕೆಳಗಿಳಿಯಿತು, ಬೆರಳು ಮಾತ್ರ ಒತ್ತುತ್ತಲೇ ಇತ್ತು.

ಮೊದಲು ಎದುರು ಬಾಲ್ಕನಿಯಿಂದ ಅಕ್ಕಿಯ ತಟ್ಟೆ ಬಿತ್ತು. ಆಮೇಲೆ ರೊದಾಂಥಿ ಏನೋ ಮರೆತವಳಂತೆ ಎರಡೂ ಕೈ ಗಂಟಲಿಗೆ ಒಯ್ದಳು. ಬೆರಳುಗಳ ಸಂದಿಯಿಂದ ರಕ್ತ ಚಿಮ್ಮಿತು. ಅವಳು ಬಾಲ್ಕನಿಯ ಕಂಬಿಯ ಮೇಲೆ ಬಾಗಿದಳು, ಅವಳ ಬಾಯಿ ತೆರೆದಿತ್ತು, ನನ್ನ ಕಿವಿಯಲ್ಲಿ ಬೆರಳಿತ್ತು. ಕೆಳಗೆ ನಿಂತ ಮದುಮಗಳ ಬಿಳಿ ಮುಸುಕಿನ ಮೇಲೆ ರಕ್ತ ಸುರಿಯಿತು. ಪಿಟೀಲಿನವನು ಆ ಕಡೆ ಬೆನ್ನು ಮಾಡಿದ್ದರಿಂದ ಇನ್ನೂ ಸ್ವಲ್ಪ ಹೊತ್ತು ನುಡಿಸುತ್ತಲೇ ಇದ್ದ. ರೊದಾಂಥಿಯ ಅಣ್ಣ ಸ್ತ್ರಾತಿ ಮೆಟ್ಟಿಲು ಹತ್ತಿ ಓಡಿದ್ದು, ಅವಳನ್ನು ಹೊತ್ತು ಇಳಿದದ್ದು, ಇಳಿಯುವಾಗ ಅವಳ ತಲೆ ಅವನ ತೋಳಿನಿಂದಾಚೆ ಜೋತು ಒಂದೊಂದು ಮೆಟ್ಟಿಲಿಗೂ ಅಲುಗಿದ್ದು, ಎಲ್ಲವನ್ನೂ ನೋಡಿದೆ. ನನ್ನ ಓಲೆ ಅವಳ ಕಿವಿಯಲ್ಲಿತ್ತು.

ಐದೇ ನಿಮಿಷದಲ್ಲಿ ಚೌಕದಲ್ಲಿ ಬಂದೂಕೂ ಇರಲಿಲ್ಲ, ಗಂಡಸರೂ ಇರಲಿಲ್ಲ. ಬಾಲ್ಕನಿಯ ಗೋಡೆಗೆ ಹೊಕ್ಕಿದ್ದ ಗುಂಡನ್ನು ಯಾರೋ ಚಾಕುವಿನಿಂದ ಕೆತ್ತಿ ತೆಗೆದಿದ್ದರು. ಅಜ್ಜಿ ಉಗ್ರಾಣದ ಬಾಗಿಲು ತೆಗೆದಳು.

"ಪೊಲೀಸ್ ಬರೋಕೆ ಇನ್ನೂ ಮುಕ್ಕಾಲು ಗಂಟೆ ಇದೆ. ಏಳು."

ಪೊರಕೆ ಕೊಟ್ಟಳು. ಪ್ರತಿ ಮದುವೆಯ ಮೇಲೂ ಹೆಂಗಸರು ಖಾಲಿ ತೋಟಾ ಗುಡಿಸುವುದು ಇದ್ದದ್ದೇ, ಹಾಗಾಗಿ ಯಾರೂ ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ. ಅಕ್ಕಿ, ಎಸಳು, ತೋಟಾ ಎಲ್ಲ ಒಂದೇ ಗುಡ್ಡೆ. ನಮ್ಮ ಮೆಟ್ಟಿಲ ಕಡೆಯದು ನನ್ನ ಪಾಲಿಗೆ ಬಂತು. ಚೆನ್ನಾಗಿ ಗುಡಿಸಿದೆ.

ಅಕ್ಟೋಬರ್ 19, ಊರು

ನಿನ್ನೆ ಮಣ್ಣು ಮಾಡಿದರು. ರೊದಾಂಥಿಯ ತಾಯಿ ತನ್ನ ಎರಡೂ ಕೆನ್ನೆಯನ್ನು ಉಗುರಿನಿಂದ ಸಿಗಿದುಕೊಂಡರು. ಪೆಟ್ಟಿಗೆ ಇಳಿಸುವಾಗ ಸ್ತ್ರಾತಿ ಹಾರೆ ಕಿತ್ತುಕೊಂಡು ಗೋರಿಯ ಅಂಚನ್ನೇ ಚಚ್ಚಿದ. ಅಮೃತಶಿಲೆ ಸಿಡಿದು ಪಾದ್ರಿಯವರ ಹಣೆಗೆ ತಾಗಿತು. ಅವರು ಹಣೆ ಒರೆಸಿಕೊಂಡು ಪ್ರಾರ್ಥನೆ ಮುಂದುವರಿಸಿದರು.

ಇವತ್ತು ಪಟ್ಟಣದಿಂದ ಪೊಲೀಸರು ಬಂದು ಮನೆಮನೆ ಹತ್ತಿದರು. ಒಬ್ಬರು ಆ ಕಡೆ ನೋಡುತ್ತಿದ್ದರಂತೆ, ಒಬ್ಬರು ಬೂಟಿನ ದಾರ ಕಟ್ಟುತ್ತಿದ್ದರಂತೆ. ಇನ್ನೂರು ಜನರ ಬೂಟಿನ ದಾರ ಒಂದೇ ಗಳಿಗೆಯಲ್ಲಿ ಬಿಚ್ಚಿಕೊಂಡಿತಾ ಎಂದು ಅಧಿಕಾರಿ ಕೇಳಿದ. ಯಾರೂ ನಗಲಿಲ್ಲ. ನನ್ನನ್ನು ಕೇಳಿದಾಗ ಉಗ್ರಾಣದಲ್ಲಿದ್ದೆ, ಗುಂಡಿನ ಸದ್ದೆಂದರೆ ಭಯ, ಕಿವಿ ಮುಚ್ಚಿಕೊಂಡಿದ್ದೆ ಅಂದೆ. ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಅಜ್ಜಿ ಅವನಿಗೆ ಕಾಫಿ ಕೊಟ್ಟಳು.

ಅಕ್ಟೋಬರ್ 30, ರೆಥಿಮ್ನೊ

ಗ್ರಂಥಾಲಯದಲ್ಲಿ ಹತ್ತು ದಿನ. ನನ್ನ ಕೋಟಿನ ಅಂಚಿನಲ್ಲಿ ಒಂದು ಖಾಲಿ ತೋಟಾ ಸಿಕ್ಕಿತು, ಹೊಲಿಗೆ ಬಿಟ್ಟ ಕಡೆ ಒಳಗೆ ಜಾರಿತ್ತು. ಹಿತ್ತಾಳೆಯದು, ಗಿಡ್ಡ, ಪಿಸ್ತೂಲಿನದು. ಪೆನ್ಸಿಲ್ ಡಬ್ಬಿಯಲ್ಲಿ ಹಾಕಿದ್ದೇನೆ. ಸಮುದ್ರಕ್ಕೆ ಎಸೆಯಬೇಕು.

ಬೇರೆ ದೇಶಗಳ ಕಾನೂನು ಓದಿದ ಮೇಲೆ ನನ್ನ ಮೊದಲ ವಾಕ್ಯ ಎಳಸು ಅನ್ನಿಸುತ್ತಿದೆ. ಸಾಕ್ಷಿ ಹೇಳಿದವರ ಮನೆ ಸುಟ್ಟರೆ ಯಾರು ಹೊಣೆ? ಇದನ್ನು ನಾನು ಯೋಚಿಸಿಯೇ ಇರಲಿಲ್ಲ. ಹೊಸದು:

ಸಂಭ್ರಮದಲ್ಲಿ ಗುಂಡು ಹಾರಿಸುವವನಿಗೆ ಕಠಿಣ ಶಿಕ್ಷೆಯಾಗಬೇಕು, ಆದರೆ ಸಾಕ್ಷಿಗಳಿಗೆ ರಕ್ಷಣೆ ಕೊಡಲಾಗದ ಕಡೆ ಮೌನವನ್ನು ಅಪರಾಧವೆಂದು ಎಣಿಸಲಾಗದು.

ಹೆಚ್ಚು ಪ್ರೌಢವಾಗಿದೆ.

ನವೆಂಬರ್ 6, ರೆಥಿಮ್ನೊ

ಇಡೀ ಊರು ಈಗ ವಾರ್ದಿಸ್ ಅನ್ನುತ್ತಿದೆ. ಯಾರು ಮೊದಲು ಅಂದರೋ ಗೊತ್ತಿಲ್ಲ. ಅವನ ಬಂದೂಕು ದೊಡ್ಡದಿತ್ತು, ಆರು ವರ್ಷದ ಹಿಂದೆ ರೊದಾಂಥಿಯ ತಂದೆಯ ಕುರಿ ಕದ್ದಿದ್ದ, ಬೆನ್ನಿಗೆ ಅಣ್ಣತಮ್ಮಂದಿರಿಲ್ಲ, ಸೋದರಮಾವಂದಿರು ಇಬ್ಬರು ಮಾತ್ರ. ಕಾಫಿ ಅಂಗಡಿಯಲ್ಲಿ ಅವನು ಬಂದು ಕೂತ ಮೇಜಿನಿಂದ ಜನ ಎದ್ದು ಹೋಗುತ್ತಾರೆ. ಮೊನ್ನೆ ಸ್ತ್ರಾತಿಯ ಗೆಳೆಯರು ಅವನನ್ನು ಹಾಲಿನ ಕ್ಯಾನಿನಿಂದ ಹೊಡೆದು ಮೂರು ಹಲ್ಲು ಉದುರಿಸಿದರು. ಅಜ್ಜಿಯನ್ನು ಕೇಳಿದೆ.

"ನಾವು ಯಾರ ಹೆಸರನ್ನಾದ್ರೂ ಹೇಳಿದ್ವಾ?" ಅಂದಳು. "ಬಾಯಿ ಬಿಟ್ಟಿದ್ದೀನಾ ನಾನು? ನೀನು ಬಿಟ್ಟಿದ್ದೀಯಾ? ಮತ್ತೆ ನಮಗೇನು."

ಬಸ್ ನಿಲ್ದಾಣಕ್ಕೆ ಬಿಡಲು ಅಣ್ಣ ಬಂದ. ಮೂರು ವಾರದಲ್ಲಿ ಅವನ ಕುತ್ತಿಗೆ ಸಣ್ಣಗಾಗಿದೆ. ಬಲಗೈಗೆ ಬಟ್ಟೆ ಸುತ್ತಿದ್ದ; ಕುರಿಹಟ್ಟಿಯ ಗೋಡೆಗೆ ಗುದ್ದಿ ಮೂಳೆ ಬಿರುಕು ಬಿಟ್ಟಿದೆಯಂತೆ. ತಿರುವಿನಲ್ಲಿ, ಗುಂಡು ಹೊಡೆದು ತೂತು ಮಾಡಿದ ಊರಿನ ಫಲಕದ ಹತ್ತಿರ, ಕಾರು ನಿಲ್ಲಿಸಿದ.

"ಉಗ್ರಾಣದಲ್ಲಿ ಇದ್ದೆ ಅಲ್ವಾ ನೀನು."

"ಹೂಂ."

"ಉಗ್ರಾಣಕ್ಕೆ ಕಿಟಕಿ ಇದೆ."

ಅವನು ಪಿಸ್ತೂಲನ್ನು ಬೆಟ್ಟದ ಆಳವಾದ ಕೊರಕಲಿಗೆ ಎಸೆದನಂತೆ, ಕಲ್ಲಿಗೆ ಬಡಿದ ಸದ್ದು ಬಹಳ ಹೊತ್ತು ಕೇಳಿಸಿತಂತೆ. ಈ ಕೈ ಇನ್ನು ಅಂಥದ್ದನ್ನು ಮುಟ್ಟುವುದಿಲ್ಲ ಅಂದ. ಆಮೇಲೆ ಹಣೆಯನ್ನು ಸ್ಟೀರಿಂಗಿಗೆ ಒಂದೇ ಸಮ ಚಚ್ಚತೊಡಗಿದ. ಹುಬ್ಬು ಸೀಳಿ ರಕ್ತ ಬಂತು. ನನ್ನ ಶಾಲಿನಿಂದ ಒತ್ತಿ ಹಿಡಿದೆ. ಬಸ್ಸಿನಲ್ಲಿ ಆ ಶಾಲನ್ನು ಮಡಚಿ ಚೀಲದ ತಳಕ್ಕೆ ಹಾಕಿಕೊಂಡೆ.

ನವೆಂಬರ್ 18, ರೆಥಿಮ್ನೊ

ವಾರ್ದಿಸ್ ಬಂದಿದ್ದ. ನನ್ನ ಕೋಣೆಯ ವಿಳಾಸ ಯಾರು ಕೊಟ್ಟರೋ. ಬಾಗಿಲಲ್ಲಿ ಟೋಪಿ ತೆಗೆದು, ಚಪ್ಪಲಿ ಬಿಡಬೇಕೇ ಎಂದು ಕೇಳಿದ. ಬಟ್ಟೆಯಲ್ಲಿ ಸುತ್ತಿದ ಒಂದು ಚೀಸ್ ಮುದ್ದೆ ತಂದಿದ್ದ. ಮೇಜಿನ ಮೇಲಿನ ಪುಸ್ತಕಗಳ ಕಡೆ ನೋಡಿ, ಇವೆಲ್ಲ ನಮ್ಮ ಬಗ್ಗೆಯೇ ಬರೆದಿರುವುದಾ ಅಂದ. ಹಲ್ಲು ಹೋದ ಕಡೆಯಿಂದ ಗಾಳಿ ಬರುತ್ತಿತ್ತು. ಪೊಲೀಸರಿಗೆ ತಾನು ಹಾರಿಸಿದ್ದು ಆಕಾಶಕ್ಕೆ ಎಂದು ಹೇಳಿದನಂತೆ, ಅವರು ಬರೆದುಕೊಂಡರಂತೆ. ಆದರೆ ಸ್ತ್ರಾತಿ ಪೊಲೀಸರ ಕಾಗದ ಓದುವವನಲ್ಲ. ಹೆಂಡತಿ ಪೆಲಾಗಿಯಾಗೆ ಏಳು ತಿಂಗಳು. ಸಾಯಂಕಾಲ ದೀಪ ಹಚ್ಚದೆ ಕೂರುತ್ತಾರಂತೆ, ಕಿಟಕಿಯಲ್ಲಿ ನೆರಳು ಕಾಣಬಾರದೆಂದು.

"ಚಿಕ್ಕೋಳಿದ್ದಾಗಿಂದ ನೋಡಿದ್ದೀನಿ ನಿನ್ನ. ನೀನು ಮಾತಾಡಲ್ಲ, ಆದ್ರೆ ಎಲ್ಲಾ ನೋಡ್ತೀಯ," ಅಂದ. "ಯಾರದು ಅಂತ ಹೇಳು ಅಂತ ನಾನು ಕೇಳಲ್ಲ ಎರ್ಗಿನಿ. ಅದು ನಂಗೆ ಬೇಡವೇ ಬೇಡ. ವಾರ್ದಿಸ್‌ದಲ್ಲ ಅಂತ, ಅಷ್ಟೇ. ಸ್ತ್ರಾತಿ ಹತ್ರ ಒಂದು ಮಾತು. ನೀನು ಹೇಳಿದ್ರೆ ನಂಬ್ತಾನೆ. ಸುಳ್ಳು ಹೇಳೋಕೂ ಬಾಯಿ ಬೇಕಲ್ಲ, ನಿಂಗೆ ಅದೂ ಇಲ್ಲ."

ತಾನೇ ನಕ್ಕ. ನಾನು ಕಾಫಿ ಮಾಡಿದೆ. ಕಾಫಿ ಉಕ್ಕಿತು. ಇಪ್ಪತ್ತೇಳರ ಭಾನುವಾರ ರೊದಾಂಥಿಯ ನಲವತ್ತನೇ ದಿನದ ಪೂಜೆಗೆ ಬರುತ್ತೇನೆ, ಅವತ್ತು ಹೇಳುತ್ತೇನೆ ವಾರ್ದಿಸಣ್ಣ ಅಂದೆ. ಅವನು ಎದ್ದು ನನ್ನ ಎರಡೂ ಕೈ ಹಿಡಿದು ಹಣೆಗೆ ಒತ್ತಿಕೊಂಡ. ಅವನ ಅಂಗೈಯಿಂದ ಹಾಲಿನ ವಾಸನೆ ಬರುತ್ತಿತ್ತು.

ಹೇಳುವ ಮಾತನ್ನು ಬರೆದಿಟ್ಟುಕೊಂಡಿದ್ದೇನೆ: ಸ್ತ್ರಾತಿ, ವಾರ್ದಿಸ್‌ನ ಬಂದೂಕು ಆಕಾಶಕ್ಕೆ ನೆಟ್ಟಿತ್ತು, ನಾನು ನೋಡಿದೆ. ಏಳೇ ಪದ. ಕನ್ನಡಿಯ ಮುಂದೆ ಹೇಳಿ ನೋಡಿದೆ. ಬರುತ್ತದೆ.

ನವೆಂಬರ್ 27, ಬಸ್ಸಿನಲ್ಲಿ

ಪೂಜೆ ಮುಗಿಯಿತು. ಚರ್ಚಿನ ಅಂಗಳದಲ್ಲಿ ಬೇಯಿಸಿದ ಗೋಧಿ, ಸಕ್ಕರೆ, ದಾಳಿಂಬೆ ಕಾಳು ಹಂಚಿದರು. ಸ್ತ್ರಾತಿ ಬಾಗಿಲಲ್ಲಿ ನಿಂತು ಒಬ್ಬೊಬ್ಬರ ಕೈಗೂ ಪೊಟ್ಟಣ ಕೊಡುತ್ತಿದ್ದ. ಗಡ್ಡ ಬಿಟ್ಟಿದ್ದಾನೆ, ಕಪ್ಪು ಅಂಗಿ. ವಾರ್ದಿಸ್ ಒಳಗೆ ಬರುವಂತಿರಲಿಲ್ಲ, ರಸ್ತೆಯ ಆಚೆ ಮಲ್ಬೆರಿ ಮರದ ಕೆಳಗೆ ನಿಂತಿದ್ದ. ನಾನು ಸಾಲಿನಲ್ಲಿ ಮುಂದೆ ಮುಂದೆ ಹೋದೆ. ಏಳು ಪದವೂ ನಾಲಿಗೆಯ ಮೇಲಿದ್ದವು. ಅಜ್ಜಿ ನನ್ನ ಮೊಣಕೈ ಹಿಡಿದಿದ್ದಳು. ಬಿಗಿಯಾಗೇನೂ ಅಲ್ಲ, ನಡೆಯಲು ಕಷ್ಟವಾಗುವ ಮುದುಕಿ ಹಿಡಿದುಕೊಳ್ಳುವ ಹಾಗೆ.

"ದೇವರು ಅವಳ ಪಾಪ ಮನ್ನಿಸಲಿ," ಅಂದೆ. ಎಲ್ಲರೂ ಅನ್ನುವ ಮಾತು. ಸ್ತ್ರಾತಿ ಪೊಟ್ಟಣ ಕೊಟ್ಟ. "ಅವಳಿಗೆ ನೀನಂದ್ರೆ ಇಷ್ಟ ಇತ್ತು ಕಣೆ. ಓಲೆ ಹಾಗೇ ಇದೆ, ವಾಪಸ್ ಬೇಕಾ?" ಅಂದ. ಬೇಡ ಅಂದೆ. ಹಿಂದಿನವರು ತಳ್ಳಿದರು.

ನಾಳೆ ಎರಡನೇ ಕರಡು ಕೊಡಬೇಕು, ಅದಕ್ಕೇ ಒಂದೂವರೆಯ ಬಸ್ಸು ಹಿಡಿದೆ. ಬಸ್ಸು ತಿರುಗುವಾಗಲೂ ವಾರ್ದಿಸ್ ಮರದ ಕೆಳಗೇ ಇದ್ದ. ಕೈ ಎತ್ತಿದ. ಹೇಳಿದ್ದೇನೆ ಎಂದುಕೊಂಡನೋ ಏನೋ. ಗೋಧಿ ಸಿಹಿಯಾಗಿದೆ. ಮುಂದಿನ ಭಾನುವಾರ ಖಂಡಿತ ಹೇಳಬೇಕು.

ನವೆಂಬರ್ 28

ವಾರ್ದಿಸ್ ಸತ್ತ. ಬೆಳಿಗ್ಗೆ ಆರೂವರೆಗೆ, ಹಾಲಿನ ಕಡಾಯಿಯ ಮುಂದೆ. ಐದು ಗುಂಡು. ಹಾಲಿನೊಳಗೆ ಮುಖ ಮಾಡಿ ಬಿದ್ದಿದ್ದನಂತೆ, ಪೆಲಾಗಿಯಾ ಬರುವವರೆಗೂ ಉರಿ ಹೊತ್ತಿಕೊಂಡೇ ಇತ್ತಂತೆ. ಸ್ತ್ರಾತಿ ತಾನೇ ನಡೆದುಕೊಂಡು ಹೋಗಿ ಠಾಣೆಯಲ್ಲಿ ಕೂತಿದ್ದಾನೆ.

ಅಮ್ಮ ಫೋನಿನಲ್ಲಿ ಹೇಳಿದಳು.

ಡಿಸೆಂಬರ್ 3

ಅಡಿಟಿಪ್ಪಣಿಗಳನ್ನು ಸರಿಪಡಿಸಿದೆ. ಅರವತ್ತೆರಡು ಇವೆ. ಲೇಖಕರ ಕುಲನಾಮ ಮೊದಲು ಬರಬೇಕು, ಆಮೇಲೆ ವರ್ಷ. ನಾನು ಎಲ್ಲ ಕಡೆ ತಲೆಕೆಳಗು ಮಾಡಿದ್ದೆ.

ಡಿಸೆಂಬರ್ 8

ಕಿಟಕಿಯಲ್ಲಿಟ್ಟಿದ್ದ ಚೀಸ್‌ಗೆ ಬೂಷ್ಟು ಬಂದಿತ್ತು. ಬಟ್ಟೆ ಸಮೇತ ಎಸೆದೆ. ಆಮೇಲೆ ಇಡೀ ದಿನ ವಾಂತಿ. ಕ್ಯಾಂಟೀನಿನ ಮೀನು ಕೆಟ್ಟಿತ್ತೆಂದು ಕಾಣುತ್ತದೆ.

ಡಿಸೆಂಬರ್ 21, ಊರು

ಹಬ್ಬಕ್ಕೆ ಬಂದಿದ್ದೇನೆ. ಮೊನ್ನೆ ವಾರ್ದಿಸ್‌ನ ಸೋದರಮಾವಂದಿರು ರೊದಾಂಥಿಯ ತಂದೆಯ ಕುರಿಹಟ್ಟಿಗೆ ಬೆಂಕಿ ಇಟ್ಟರು. ಬಾಗಿಲಿಗೆ ತಂತಿ ಸುತ್ತಿ ಆಮೇಲೆ ಹಚ್ಚಿದರು. ನೂರ ನಲವತ್ತು ಕುರಿ. ಅವು ಕೂಗಿದ್ದು ಕೆಳಗಿನ ಊರಿನವರೆಗೂ ಕೇಳಿಸಿತಂತೆ, ಮಕ್ಕಳ ಅಳುವಿನಂತೆ. ನಾನು ಹೋಗಿ ನೋಡಿದೆ. ಬಾಗಿಲ ಹತ್ತಿರ ಒಂದರ ಮೇಲೊಂದು ಹತ್ತಿ ಬೆಂದು ಅಂಟಿಕೊಂಡಿವೆ. ಬದುಕಿದ್ದ ಎರಡನ್ನು ಮುದುಕ ಕಲ್ಲಿನಿಂದ ತಲೆಗೆ ಹೊಡೆದು ಮುಗಿಸುತ್ತಿದ್ದ. ಒಂದಕ್ಕೆ ಒಂದೇ ಪೆಟ್ಟು ಸಾಕಾಯಿತು, ಇನ್ನೊಂದಕ್ಕೆ ನಾಲ್ಕು ಬೇಕಾಯಿತು.

ಮೊದಲಾಗಿದ್ದರೆ ನನಗೆ ಇದನ್ನೆಲ್ಲ ನೋಡಲು ಆಗುತ್ತಿರಲಿಲ್ಲ. ಓದು ಮನುಷ್ಯರನ್ನು ಗಟ್ಟಿ ಮಾಡುತ್ತದೆ.

ಮುಂದೆ ಸಾಯುವ ಸರದಿ ಸ್ತ್ರಾತಿಯ ಚಿಕ್ಕಪ್ಪನದೋ ವಾರ್ದಿಸ್‌ನ ಸೋದರಮಾವಂದಿರದೋ ಎಂದು ಊರು ಕಾಯುತ್ತಿದೆ. ಪಾದ್ರಿಯವರು ನಮ್ಮ ಮನೆಗೆ ಬಂದರು. ಎರಡು ಮನೆಗೂ ಸಲ್ಲುವವನು, ಯಾರ ರಕ್ತಕ್ಕೂ ಸೇರದವನು ಒಬ್ಬ ಮಧ್ಯಸ್ಥ ಬೇಕು, ಮನೂಸೊಸ್ ನಡೆದು ಹೋದರೆ ಎರಡು ಬಾಗಿಲೂ ತೆರೆಯುತ್ತವೆ ಅಂದರು. ಅಣ್ಣ ಗೋಡೆ ನೋಡುತ್ತಿದ್ದ.

"ಹೋಗ್ತಾನೆ," ಅಂದಳು ಅಜ್ಜಿ.

ಫೆಬ್ರವರಿ 11, ರೆಥಿಮ್ನೊ

ಪೆಲಾಗಿಯಾಗೆ ಗಂಡು ಮಗು ಆಗಿ ಮೂರು ವಾರವಾಯಿತು.

ಸಂಧಾನದ ಮೇಲೆ ಹೊಸ ಅಧ್ಯಾಯ ಬರೆಯುತ್ತಿದ್ದೇನೆ. ಇಡೀ ಪ್ರಬಂಧದಲ್ಲಿ ಜೀವವಿರುವುದು ಇದಕ್ಕೇ. ಅಣ್ಣ ವಾರಕ್ಕೆ ಮೂರು ಸಲ ಎರಡು ಮನೆಗಳ ನಡುವೆ ನಡೆಯುತ್ತಾನೆ. ಒಮ್ಮೆ ವಾರ್ದಿಸ್‌ನ ಸೋದರಮಾವ ನಾಯಿ ಬಿಟ್ಟು ಅವನ ತೊಡೆ ಸೀಳಿಸಿದ. ಇನ್ನೊಮ್ಮೆ ರೊದಾಂಥಿಯ ತಂದೆ ಮುಖಕ್ಕೆ ಉಗುಳಿ, ನಿಮ್ಮ ಮನೇಲಿ ಯಾರು ಸತ್ತಿದ್ದಾರೆ ಅಂತ ನೀನು ಬಂದೆ ಎಂದು ಕೇಳಿದರು. ಅವನು ಒರೆಸಿಕೊಂಡು ಮರುದಿನ ಮತ್ತೆ ಹೋದ. ಈಗ ಕಾಫಿ ಅಂಗಡಿಗೆ ಅವನು ಬಂದರೆ ಹಿರಿಯರು ಎದ್ದು ಜಾಗ ಬಿಡುತ್ತಾರೆ. ಹುಬ್ಬಿನ ಗಾಯದ ಗುರುತು ಅವನಿಗೆ ಒಪ್ಪುತ್ತದೆ.

ಮೂರನೆಯ ವಾಕ್ಯ:

ಶಿಕ್ಷೆ ಕಾನೂನಿನ ಕೊನೆಯ ಅಸ್ತ್ರ, ಬೆಟ್ಟದ ಊರುಗಳಲ್ಲಿ ರಕ್ತಪಾತವನ್ನು ನಿಲ್ಲಿಸಿರುವುದು ಊರಿನವರೇ ನಡೆಸುವ ಸಂಧಾನ.

ಸಮುದ್ರದ ಗಾಳಿಗೆ ಟಿಪ್ಪಣಿಗಳು ಹಾರುತ್ತಿದ್ದವು. ಪೆನ್ಸಿಲ್ ಡಬ್ಬಿಯಲ್ಲಿದ್ದ ಹಿತ್ತಾಳೆಯ ಚೂರನ್ನು ಮೇಲಿಟ್ಟೆ. ಚಿಕ್ಕದಾದರೂ ಭಾರವಿದೆ.

ಏಪ್ರಿಲ್ 23, ಊರು

ಈಸ್ಟರ್ ಕಳೆದ ಭಾನುವಾರ. ಇವತ್ತು ಮಠದ ಅಂಗಳದಲ್ಲಿ ಎರಡು ಮನೆಯವರೂ ಒಂದೇ ಬ್ರೆಡ್ ಮುರಿದರು. ಸೋದರಮಾವಂದಿರೂ ರೊದಾಂಥಿಯ ತಂದೆಯೂ ಕೆನ್ನೆಗೆ ಮುತ್ತಿಟ್ಟುಕೊಂಡರು, ಹಲ್ಲು ಕಡಿದುಕೊಂಡೇ. ನಮ್ಮ ಕಡೆ ಇಂಥ ಒಪ್ಪಂದಕ್ಕೆ ಮುದ್ರೆ ಬೀಳುವುದು ಒಂದು ಮಗುವಿನ ದೀಕ್ಷಾಸ್ನಾನದಿಂದ. ಮಗುವನ್ನು ತೋಳಲ್ಲಿ ಹಿಡಿದು ಅದರ ಹೆಸರನ್ನು ಕೂಗುವ ಜ್ಞಾನತಾಯಿ ಅಥವಾ ಜ್ಞಾನತಂದೆ ಎರಡು ಮನೆಗೂ ರಕ್ತಸಂಬಂಧಿಯಾಗುತ್ತಾರೆ. ಆಮೇಲೆ ಯಾರೂ ಯಾರನ್ನೂ ಕೊಲ್ಲುವಂತಿಲ್ಲ. ಮಗು ವಾರ್ದಿಸ್‌ನದು. ಹಿಡಿಯುವವರು ಯಾರೆಂಬುದನ್ನು ಪೆಲಾಗಿಯಾಗೇ ಬಿಟ್ಟರು.

ಅವಳು ಎಲ್ಲರನ್ನೂ ದಾಟಿ ನನ್ನ ಹತ್ತಿರ ಬಂದಳು. ಬಾವಿಯ ಕಡೆ ಕರೆದುಕೊಂಡು ಹೋದಳು.

"ಅವತ್ತು ನಿನ್ನ ಕೋಣೆಯಿಂದ ಬಂದೋನು ಹೊಟ್ಟೆ ತುಂಬ ಊಟ ಮಾಡಿದ," ಅಂದಳು. "ಎಷ್ಟೋ ದಿನ ಆಗಿತ್ತು ಅವನು ಹಾಗೆ ಉಂಡು. ಎರ್ಗಿನಿ ಹೇಳ್ತಾಳೆ, ಭಾನುವಾರ ಹೇಳ್ತಾಳೆ ಅಂತ. ಆ ಭಾನುವಾರ ಮರದ ಹತ್ರದಿಂದ ಬಂದು, ಹೇಳಿದ್ಲು ಕಣೆ, ಬಾಯಿ ಅಲ್ಲಾಡಿದ್ದು ನೋಡಿದೆ ಅಂದ. ಮಾರನೇ ದಿನ ಬೆಳಿಗ್ಗೆ ಬಾಗಿಲಿಗೆ ಚಿಲಕ ಹಾಕ್ಲಿಲ್ಲ."

ನನ್ನ ಉತ್ತರಕ್ಕೆ ಅವಳು ಕಾಯಲಿಲ್ಲ.

"ಇನ್ನು ಏನೂ ಹೇಳು ಅಂತ ಕೇಳಲ್ಲ ನಾನು. ಮಗು ಹೆಸರು ಮಾತ್ರ ಹೇಳು. ಎಲ್ಲರಿಗೂ ಕೇಳೋ ಹಾಗೆ."

ಒಪ್ಪಿಕೊಂಡೆ. ಎಂಥ ದೊಡ್ಡ ಮನಸ್ಸು ಈ ಹೆಂಗಸಿನದು. ಅಧ್ಯಾಯದ ಕೊನೆಗೆ ಹೆಸರಿಲ್ಲದೆ ಅವಳ ಬಗ್ಗೆ ಒಂದು ಪ್ಯಾರಾ ಸೇರಿಸಬಹುದು.

ಮೇ 12, ರೆಥಿಮ್ನೊ

ಹತ್ತಕ್ಕೆ ಒಂಬತ್ತು ಅಂಕ. ತರಗತಿಯಲ್ಲಿ ನನ್ನದೇ ಹೆಚ್ಚು. ಪಕ್ಕದಲ್ಲಿ ಕೂರುವವನು ಕೈ ಕುಲುಕಿದ. ಕೊನೆಯ ವಾಕ್ಯ ಇದು:

ಸಂಭ್ರಮದ ಗುಂಡು ಒಂದು ಪದ್ಧತಿ, ಪದ್ಧತಿಯ ತಪ್ಪನ್ನು ಪದ್ಧತಿಯೇ ತಿದ್ದಿಕೊಳ್ಳುತ್ತದೆ, ಹೊರಗಿನವರು ಅದಕ್ಕೆ ಸಮಯ ಕೊಡಬೇಕು.

ದೂಕಾ ಮೇಡಂ ಅಂಚಿನಲ್ಲಿ ಬರೆದಿದ್ದಾರೆ: "ಭಾಷೆ ಬಹಳ ಚೆನ್ನಾಗಿದೆ. ಅಕ್ಟೋಬರಿನ ವಾಕ್ಯ ಬರೆದ ಹುಡುಗಿಯನ್ನು ನಾನು ಕೊನೆಯ ಪುಟದವರೆಗೂ ಹುಡುಕಿದೆ." ಹೊಗಳಿಕೆಯೋ ಏನೋ ತಿಳಿಯಲಿಲ್ಲ. ಕೇಳಲು ಅವರ ಕೋಣೆಗೆ ಹೋದೆ. ಅವರು ಕನ್ನಡಕ ತೆಗೆದು, ನಿಮ್ಮ ಊರಿನಲ್ಲಿ ಒಬ್ಬ ಹುಡುಗಿ ಸತ್ತಳಲ್ಲ, ಹೆಸರೇನು ಎಂದು ಕೇಳಿದರು. ಹೇಳಿದೆ. ಮೂವತ್ತು ಪುಟದಲ್ಲಿ ಒಂದು ಕಡೆಯೂ ಆ ಹೆಸರು ಇಲ್ಲ ಅಂದರು. ಸಂಶೋಧನೆಯಲ್ಲಿ ವೈಯಕ್ತಿಕ ವಿಷಯ ಬರಬಾರದೆಂದು ಬಿಟ್ಟೆ ಎಂದು ವಿವರಿಸಿದೆ. ನನ್ನ ಉತ್ತರ ಅವರಿಗೆ ಮೊದಲ ಸಲಕ್ಕೇ ಕೇಳಿಸಿತು, ಅದು ಸಂತೋಷ.

ಮೇ 21, ಊರು

ಇವತ್ತು ದೀಕ್ಷಾಸ್ನಾನ ಆಯಿತು. ಚರ್ಚು ತುಂಬಿತ್ತು. ಎಡಗಡೆ ವಾರ್ದಿಸ್‌ನ ಕಡೆಯವರು, ಬಲಗಡೆ ರೊದಾಂಥಿಯ ಮನೆಯವರು, ನಡುವೆ ಮೊದಲ ಸಾಲಿನಲ್ಲಿ ಅಣ್ಣ. ಪಾದ್ರಿಯವರು ಸೈತಾನನನ್ನು ತೊರೆದೆಯಾ ಎಂದು ಮೂರು ಸಲ ಕೇಳಿದರು. ಮಗುವಿನ ಪರವಾಗಿ ತೊರೆದೆ ಎಂದು ಮೂರು ಸಲ ಹೇಳಿದೆ. ಮಗುವಿನ ಮೈಗೆಲ್ಲ ಎಣ್ಣೆ ಹಚ್ಚಿದ್ದರು, ಜಾರುತ್ತಿತ್ತು, ಬಿಗಿಯಾಗಿ ಹಿಡಿದುಕೊಂಡೆ. ಅಷ್ಟು ಹತ್ತಿರದಿಂದ ನೋಡಿದರೆ ಹಣೆ ಅಪ್ಪನದೇ. ಹೆಸರೇನು ಎಂದು ಕೇಳಿದರು.

"ವಾರ್ದಿಸ್."

ನನ್ನ ಧ್ವನಿ ಗುಮ್ಮಟಕ್ಕೆ ಬಡಿದು ವಾಪಸ್ ಬಂತು. ಕೊನೆಯ ಸಾಲಿನವರಿಗೂ ಕೇಳಿಸಿತೆಂದು ಆಮೇಲೆ ಎಲ್ಲರೂ ಬಂದು ಹೇಳಿದರು. ಅಣ್ಣ ತಲೆ ಬಗ್ಗಿಸಿ ತನ್ನ ಬಲಗೈ ನೋಡಿಕೊಳ್ಳುತ್ತಿದ್ದ. ಅಜ್ಜಿಗೆ ನನ್ನ ಮೇಲೆ ಹೆಮ್ಮೆಯಾಗಿದೆ, ಅಳುಮುಂಜಿ ಅನ್ನುತ್ತಿದ್ದವಳು ಇವತ್ತು ನನ್ನ ತಟ್ಟೆಗೆ ಕುರಿಯ ನಾಲಿಗೆ ಹಾಕಿದಳು, ಹಿರಿಯರಿಗೆ ಹಾಕುವುದು.

ಅಂಗಳಕ್ಕೆ ಬಂದು ಪಾದ್ರಿಯವರ ಜೊತೆ ಪ್ರಬಂಧದ ಬಗ್ಗೆ ಮಾತಾಡುತ್ತಾ ನಿಂತಿದ್ದೆ. ಅವರಿಗೆ ಒಂದು ಪ್ರತಿ ಬೇಕಂತೆ. ಮಗು ತೋಳಿನಲ್ಲಿ ಮತ್ತೆ ಮತ್ತೆ ಬೆಚ್ಚಿಬೀಳುತ್ತಿತ್ತು. ಒದ್ದೆ ಮೈಗೆ ಚಳಿ ಹತ್ತಿರಬೇಕೆಂದು ಹೊದಿಕೆ ಬಿಗಿ ಮಾಡಿದೆ. ಅಷ್ಟರಲ್ಲಿ ಪೆಲಾಗಿಯಾ ಓಡಿಬಂದು ನನ್ನ ಕೈಯಿಂದ ಮಗುವನ್ನು ಕಿತ್ತುಕೊಂಡು, ಅದರ ಎರಡೂ ಕಿವಿಗಳನ್ನು ಅಂಗೈಯಿಂದ ಮುಚ್ಚಿ, ಗೋಡೆಯ ಕಡೆ ತಿರುಗಿ ಕೂತುಬಿಟ್ಟಳು. ಆಗಲೇ ನಾನು ತಲೆ ಎತ್ತಿ ನೋಡಿದ್ದು. ಬಂದೂಕಿನ ಹೊಗೆ ಕಂಡಿತು.

ವಾರ್ದಿಸ್‌ನ ಸೋದರಮಾವನೇ ತನ್ನ ಬಂದೂಕು ತಂದು ಅಣ್ಣನ ಕೈಗೆ ಕೊಟ್ಟನಂತೆ. ಸಂಧಾನ ಮಾಡಿಸಿದವನು ಮೊದಲು ಹಾರಿಸುವುದು ಮರ್ಯಾದೆ. ಬೇಡ ಅನ್ನಲಾಗಲಿಲ್ಲವಂತೆ ಅವನಿಗೆ.

ಎಷ್ಟು ಗುಂಡು ಹಾರಿತು ಎಂದು ಅಮ್ಮನನ್ನು ಕೇಳಿದೆ.

ಅಮ್ಮ ಪೊರಕೆ ಹಿಡಿದು ನಿಂತಿದ್ದಳು.

"ಎಣಿಸ್ತಿದ್ದೋಳು ನೀನಲ್ವಾ," ಅಂದಳು.